ಪಾಲಿನ ಹಣ

ಶಾಂತಾರಾಮ ಕಾರ್ಖಾನೆ ಬಿಟ್ಟ ವರ್ಷ ಕಾರವಾರದ ಪಕ್ಕದ ಶಿರವಾಡದ ಆ ಮನೆಯಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಅವನ ಮೇಲೆ ಅಕ್ಕರೆ ಹುಟ್ಟಿತು. ಮಗ ಸುಜಯ ಅಪ್ಪನ ಮೊಣಕಾಲಿಗೆಂದು ಅಂಕೋಲಾದಿಂದ ನೋವಿನೆಣ್ಣೆ ತಂದ. ಸೊಸೆ ರೂಪಾಲಿ ಮೀನಿನ ನಡುತುಂಡನ್ನು ಮಾವನ ತಟ್ಟೆಗೆ ಹಾಕಿ, ಬಾಲದ ತುಂಡನ್ನು ಗಂಡನಿಗೆ ಬಡಿಸತೊಡಗಿದಳು. ಒಲೆಯ ಪಕ್ಕ ಕೂತು ಇದನ್ನೆಲ್ಲ ನೋಡುತ್ತಿದ್ದ ಭಾರತಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅರ್ಧ ಆಯುಷ್ಯ ಇದೇ ಅಡುಗೆಮನೆಯಲ್ಲಿ ಕಳೆದವಳಿಗೆ, ಎಣ್ಣೆ ಸೀಸೆ ಯಾವುದರ ಬೆನ್ನಿಗೆ ಬಂದಿದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದು ಬಂದದ್ದು ಸ್ವಯಂನಿವೃತ್ತಿಯ ಹಣದ ಬೆನ್ನಿಗೆ. 2007ರ ಮಳೆಗಾಲದಲ್ಲಿ ಕಾರ್ಖಾನೆಯವರು ವಯಸ್ಸಾದ ಕೆಲಸಗಾರರನ್ನು ಕರೆದು, ಬಿಡುವವರಿಗೆ ಒಂದು ಮೊತ್ತ ಕೊಡುತ್ತೇವೆ ಎಂದಿದ್ದರು. ಫಿಟ್ಟರ್ ಶಾಂತಾರಾಮನ ಮೊಣಕಾಲು ಆಗಲೇ ಏಣಿ ಹತ್ತುವ ಕೆಲಸಕ್ಕೆ ಒಲ್ಲೆನ್ನುತ್ತಿತ್ತು. ಅವನು ಸಹಿ ಹಾಕಿದ. ನಾಲ್ಕು ಲಕ್ಷದ ಹತ್ತಿರ ಬಂತು. ಆ ಮನೆತನದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡವರು ಯಾರೂ ಇರಲಿಲ್ಲ. ಅದು ಬ್ಯಾಂಕಿನಲ್ಲಿದ್ದರೂ ಊಟಕ್ಕೆ ಕೂತಾಗಲೆಲ್ಲ ನಡುವೆ ಒಂದು ಹೆಚ್ಚಿನ ಮಣೆ ಹಾಕಿದಂತೆ ಬಂದು ಕೂರುತ್ತಿತ್ತು.

ಸುಜಯ ಅಂಕೋಲಾದ ಬೈಕ್ ಶೋರೂಮಿನಲ್ಲಿ ಮಾರಾಟದ ಕೆಲಸದವನು. ಹೆದ್ದಾರಿಯ ಬದಿಗೆ ಒಂದು ಸೈಟು ನೋಡಿಟ್ಟಿದ್ದ.

"ಅಪ್ಪ, ಈಗ ತಕಂಡ್ರೆ ಎರಡ್ ವರ್ಷಕ್ಕೆ ಮೂರ್ ಪಟ್ಟು ಆಗ್ತದೆ. ಬಂದರಿಗೆ ಅದಿರು ಲಾರಿ ಹೋಗೂದ್ ಕಂಡ್ಯಲ್ಲ, ರಾತ್ರಿ ಹಗಲು."

"ಲಾರಿ ಹೋದ್ರೆ ಧೂಳು ಬರ್ತದೆ," ಎಂದ ಶಾಂತಾರಾಮ.

ರೂಪಾಲಿಯ ಲೆಕ್ಕ ಬೇರೆ. ಅವಳು ಕಾರವಾರದ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತೆ. ಸಂಘದ ಮ್ಯಾನೇಜರು ಪ್ರತಿಯೊಬ್ಬರೂ ಠೇವಣಿ ತರಬೇಕೆಂದು ಹೇಳಿದ್ದರು. ಹೆಚ್ಚು ತಂದವರನ್ನು ಖಾಯಂ ಮಾಡುವ ಮಾತೂ ಇತ್ತು. ಮಾವ, ನಮ್ಮಲ್ಲಿ ಹಿರಿಯರಿಗೆ ಅರ್ಧ ಟಕ್ಕೆ ಹೆಚ್ಚು ಬಡ್ಡಿ ಉಂಟು ಎಂದು ಅವಳು ಒಂದೆರಡು ಸಲ ನಯವಾಗಿ ಹೇಳಿದಳು. ಶಾಂತಾರಾಮ ನೋಡುವ ಎಂದ. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ ಅವನು. ಭಾರತಿಯ ಭಯವೂ ಅದೇ ಆಗಿತ್ತು.

ಸುಜಯ ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಅವನ ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅಂಕೋಲಾ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಹಾಕಿದ್ದ. ಕೇಳಿದವರಿಗೆಲ್ಲ ಉದ್ರಿ ಕೊಟ್ಟು, ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದ. ಆ ಅಂಗಡಿಗೆ ಹೋದದ್ದು ಭಾರತಿಯ ಬಳೆಗಳು. ಆಯಿ, ಆರು ತಿಂಗಳಲ್ಲಿ ಬಿಡಿಸ್ಕೊಡ್ತೆ ಅಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಹೇಳುವಾಗ ಅವನಿಗೂ ಅದು ನಿಜವೆಂದೇ ಅನಿಸಿತ್ತು. ಬಳೆ ಮಾತ್ರ ಬರಲಿಲ್ಲ. ಈಗ ಸೈಟಿನ ಮಾತು ಆಡುವಾಗಲೂ ಅವನ ಕಣ್ಣಿನಲ್ಲಿ ಅದೇ ಹೊಳಪು ಇತ್ತು. ಗಂಡ ಇವತ್ತಲ್ಲ ನಾಳೆ ಹೂಂ ಅಂದುಬಿಡುತ್ತಾನೆ ಎಂದು ಭಾರತಿಗೆ ಗೊತ್ತಿತ್ತು.

ಅಂಥ ದಿನಗಳಲ್ಲೇ ಯಾಕೂಬ ಬಂದ. ಶಾಂತಾರಾಮನ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡಿದ ಫಿಟ್ಟರ್; ಇಬ್ಬರೂ ಒಂದೇ ದಿನ ಕಾರ್ಖಾನೆ ಬಿಟ್ಟವರು. ಹೊರಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ, ಬಿಟ್ಟವರೆಲ್ಲ ಹಣ ಏನು ಮಾಡಿದರೆಂದು ಹೇಳತೊಡಗಿದ. ಕಾರವಾರ ಪೇಟೆಯಲ್ಲಿ ಯಾಕೂಬನ ಜನದ ಕೆಲವು ವ್ಯಾಪಾರಸ್ಥರು ಸೇರಿ ಒಂದು ನಿಧಿ ನಡೆಸುತ್ತಿದ್ದರು. ಬಡ್ಡಿ ಕೊಡುವುದಿಲ್ಲ, ಬಡ್ಡಿ ತೆಗೆದುಕೊಳ್ಳುವುದಿಲ್ಲ. ಸಾರಾಯಿ, ಲಾಟರಿ ಇಂಥ ವ್ಯವಹಾರಕ್ಕೆ ದುಡ್ಡು ಹಾಕುವುದಿಲ್ಲ. ಧರ್ಮದಲ್ಲಿ ಬಡ್ಡಿ ನಿಷಿದ್ಧವೆಂದು ಬ್ಯಾಂಕಿನ ಕಡೆ ಮನಸ್ಸಿಲ್ಲದ ನಾಲ್ಕಾರು ಮುಸಲ್ಮಾನ ಕೆಲಸಗಾರರು ಮೊದಲು ಹಾಕಿದರಂತೆ. ಆಮೇಲೆ ಅವರ ಜೊತೆಗೇ ಕಾರ್ಖಾನೆ ಬಿಟ್ಟ ಜಟ್ಟಪ್ಪ ಹಾಕಿದ. ದೇವರಿಗೆ ಹೆದರುವವರು ಹಣ ತಿನ್ನುವುದಿಲ್ಲ ಎಂಬುದು ಅವನ ನಂಬಿಕೆ. ಜಟ್ಟಪ್ಪ ಹಾಕಿದ ಎಂದು ದೇವಿದಾಸ ಹಾಕಿದ. ದೇವಿದಾಸ ಹಾಕಿದ ಎಂದು ಇನ್ನಿಬ್ಬರು ಹಾಕಿದರು.

ಭಾರತಿ ಮೀನು ಹೆಚ್ಚುತ್ತಿದ್ದವಳು ಈಳಿಗೆಮಣೆ ಬಿಟ್ಟು ಬಾಗಿಲಿಗೆ ಬಂದಳು.

"ಬಡ್ಡಿ ಇಲ್ಲ ಅಂದ್ರೆ ಮತ್ತೆ ಎಂತ ಕೊಡ್ತ್ರು ಯಾಕೂಬಭಾಯ್?"

"ಪಾಲು, ವೈನಿ. ಎಲ್ಲರ ದುಡ್ಡು ಸೇರ್ಸಿ ಅದಿರು ಲಾರಿ ತಕಂಡಾರೆ. ಬಾಡಿಗೆಗೆ ಓಡ್ಸೂದು, ಲಾಭ ಬಂದ್ರೆ ಹಂಚೂದು. ನಷ್ಟ ಬಂದ್ರೂ ಹಂಚೂದೇ. ಇಷ್ಟೇ ಕೊಡ್ತೇವೆ ಅಂತ ಮೊದ್ಲೇ ಹೇಳೂ ಹಾಂಗಿಲ್ಲ. ಹೇಳಿದ್ರೆ ಅದು ಬಡ್ಡಿ ಆಯ್ತಲ್ಲ."

ಶಾಂತಾರಾಮನಿಗೆ ಅದು ಕೂಡಲೇ ಅರ್ಥವಾಯಿತು. ಶೆಟಗೇರಿಯ ಹುಡುಗನಾಗಿದ್ದಾಗ ಅವನು ಕಡಲ ದಂಡೆಗೆ ಹೋಗಿ ರಂಪಣಿ ಬಲೆ ಎಳೆದವನು. ಬಲೆಯ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಮೀನು ಬಿದ್ದರೆ ಬುಟ್ಟಿ ತುಂಬ, ಬೀಳದಿದ್ದರೆ ಒದ್ದೆ ಲುಂಗಿ ಹಿಂಡಿಕೊಂಡು ಮನೆಗೆ. ಇದು ನಮ್ಮ ಬಲೆ ಹಾಂಗೇ ಆಯ್ತಲ್ಲ ಎಂದು ಅವನು ಖುಷಿಪಟ್ಟ.

ಭಾರತಿ ಕೇಳಿಸಿಕೊಂಡದ್ದು ಬೇರೆ ಮಾತು. ಯಾಕೂಬ ಏಳುವಾಗ, ಒಂದು ಸಲ ಹಾಕಿದರೆ ಮೂರು ವರ್ಷ ಕೈ ಹಾಕುವಂತಿಲ್ಲ, ಲಾರಿಯ ಚಕ್ರ ಬಿಚ್ಚಿ ಕೊಡಲು ಆಗುತ್ತದೆಯೇ ಎಂದು ನಕ್ಕಿದ್ದ. ಆ ಮಾತು ಅವಳ ಮನಸ್ಸಿನಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಶಾಂತಾರಾಮ ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ ಅವಳು ಟವೆಲ್ ಕೊಡುತ್ತ ಹೇಳಿದಳು.

"ಯಾಕೂಬಭಾಯ್ ಹೇಳಿದ್ರಲ್ಲ, ಅಲ್ಲೇ ಹಾಕಿ."

"ಲಾಭ ಹೆಚ್ಚು ಬರ್ಬಹುದು ಅಂತನಾ?"

"ಲಾಭ ನಂಗೆ ಗೊತ್ತಿಲ್ಲ. ಮೂರು ವರ್ಷ ಯಾರೂ ಕೇಳೂ ಹಾಂಗಿಲ್ಲ. ಕೇಳಿದ್ರೂ ನಿಮಗೆ ಕೊಡೂಕೆ ಬರೂದಿಲ್ಲ. ಅಲ್ಲಿ ಕೂತವ್ರು ಯಾರೂ ನಮ್ಮ ನೆಂಟರಲ್ಲ, ನಮ್ಮ ಸೊಸೆಯೂ ಅಲ್ಲ."

ಶಾಂತಾರಾಮ ಟವೆಲಿನಿಂದ ಮುಖ ಒರೆಸಿಕೊಂಡ. ಬಳೆಯಿಲ್ಲದ ಅವಳ ಕೈ ನೋಡಿದನೋ ಏನೋ. ಹಾಗಾದ್ರೆ ನಾನೇ ಹಾಕ್ದೆ ಅಂತ ಹೇಳ್ತೆ, ನೀನು ಇದರಲ್ಲಿ ಬರೂದು ಬೇಡ ಎಂದ.

ಆ ವಾರವೇ ಅವನು ಹೋಗಿ ಹಾಕಿ ಬಂದ. ಪೇಟೆಯ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಸಣ್ಣ ಕಚೇರಿ. ಬಿಳಿ ಗಡ್ಡದ ಮುದುಕ ವ್ಯಾಪಾರಿಯೊಬ್ಬರು ಅವನನ್ನು ಕೂರಿಸಿ, ನಷ್ಟವೂ ಬರಬಹುದು, ಒಪ್ಪಿಗೆಯಿದ್ದರೆ ಮಾತ್ರ ಹಾಕಿ ಎಂದು ಎರಡು ಸಲ ಹೇಳಿದರಂತೆ.

ಊಟದ ಹೊತ್ತಿಗೆ ವಿಷಯ ತಿಳಿದು ಸುಜಯ ತಟ್ಟೆಯಿಂದ ಕೈ ತೆಗೆದ.

"ನಮ್ಮವ್ರ ಬ್ಯಾಂಕು, ಸಂಘ ಯಾವ್ದೂ ಕಾಣ್ಲಿಲ್ವಾ ನಿಂಗೆ? ಅವ್ರ ನಿಧಿ ನಮಗೆ ಎಂತಕ್ಕೆ?"

"ಲಾರಿಗೆ ಜಾತಿ ಇಲ್ಲ. ಊಟ ಮಾಡು."

ರೂಪಾಲಿ ಅನ್ನದ ಪಾತ್ರೆ ತೆಗೆದು ಒಳಗಿಟ್ಟು ಬಂದಳು. ಮರುದಿನದಿಂದ ಮೀನಿನ ನಡುತುಂಡು ತಿರುಗಿ ಸುಜಯನ ತಟ್ಟೆಗೆ ಹೋಯಿತು. ಅವಳ ಮಾತಿನಲ್ಲಿ ಒರಟುತನ ಬರಲಿಲ್ಲ, ಆದರೆ ಸಂಘದ ಸುದ್ದಿ ಹೇಳುವುದನ್ನು ಬಿಟ್ಟಳು. ಮೊದಲು ಸಂಜೆ ಚಹಾ ಕುಡಿಯುತ್ತ ಯಾರು ಬಂದರು, ಯಾರು ಜಗಳಾಡಿದರು ಎಂದು ಹೇಳುತ್ತಿದ್ದವಳು ಈಗ ಲೋಟ ತೊಳೆದಿಟ್ಟು ಕೋಣೆಗೆ ಹೋಗುತ್ತಿದ್ದಳು.

ದೀಪಾವಳಿಗೆ ಮೊದಲ ಪಾಲು ಬಂತು. ಎಲ್ಲರೂ ಎಣಿಸಿದ್ದಕ್ಕಿಂತ ಹೆಚ್ಚೇ ಬಂತು. ಆ ವರ್ಷ ಅದಿರಿನ ಲಾರಿಗಳು ಘಟ್ಟದ ಮೇಲಿನಿಂದ ಹಗಲಿರುಳೆನ್ನದೆ ಇಳಿಯುತ್ತಿದ್ದವು. ಹೆದ್ದಾರಿಯ ಮರಗಳ ಎಲೆಗಳೆಲ್ಲ ಕೆಂಪಾಗಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಧೂಳು ಕೂತರೆ ಅಕ್ಕಪಕ್ಕದವರು ಬೈಯುತ್ತಿದ್ದರು. ಶಾಂತಾರಾಮ ಮಾತ್ರ ರಸ್ತೆಬದಿಗೆ ನಿಂತು, ಹಸಿರು ಬಣ್ಣ ಬಳಿದ ನಿಧಿಯ ಲಾರಿ ಹೋದರೆ ಗುರುತಿನವರು ಹೋದಂತೆ ನೋಡುತ್ತಿದ್ದ. ತಿಂಗಳು ತಿಂಗಳು ಬರುವ ಪಾಲಿನಿಂದ ಅಡುಗೆಮನೆಯ ಗಾಡಿ ಸರಾಗವಾಗಿ ಓಡಿತು. ವಾರಕ್ಕೊಮ್ಮೆ ದುಬಾರಿ ಇಸ್ವಾಣ ಮೀನು ತಂದರು. ಮನೆಯ ಹಿಂದಿನ ಗೋಡೆಗೆ ಗಾರೆಯಾಯಿತು. ಮರುವರ್ಷ ಚೌತಿಗೆ ರೂಪಾಲಿಗೆ ಸೀರೆ ಬಂತು. ಅವಳು ಉಟ್ಟುಕೊಂಡಳು, ಚೆನ್ನಾಗಿದೆ ಎಂದಳು, ಅಷ್ಟೇ.

ಬದಲಾದವನು ಸುಜಯ. ಅವನು ಈಗ ಶೋರೂಮಿನಲ್ಲಿ ಅಪ್ಪನ ಬುದ್ಧಿವಂತಿಕೆಯ ಬಗ್ಗೆ ಹೇಳುತ್ತಿದ್ದನಂತೆ. ಒಂದು ದಿನ ತಾನೇ ಹೋಗಿ, ಸೈಟಿನ ಮುಂಗಡಕ್ಕೆಂದು ರೂಪಾಲಿಯೂ ಅವನೂ ಕೂಡಿಸಿದ್ದ ಹಣವನ್ನು ಅದೇ ನಿಧಿಗೆ ಹಾಕಿ ಬಂದ. ಅವರ ನಿಧಿ ಎಂಬ ಮಾತು ಅವನ ಬಾಯಲ್ಲಿ ನಮ್ಮ ನಿಧಿ ಆಗಿತ್ತು. ಭಾರತಿಗೆ ಅದನ್ನು ಕೇಳಿ ಸಮಾಧಾನವೂ ಆಯಿತು, ಎಲ್ಲೋ ಒಂದು ಕಡೆ ಚುಚ್ಚಿತು ಕೂಡ. ಮಗನ ಕೈಗೆ ಸಿಗಬಾರದೆಂದು ಅವಳು ದೂರ ಇಟ್ಟ ಕಡೆಗೆ ಅವನೇ ನಡೆದುಕೊಂಡು ಬಂದಿದ್ದ.

ಚೌತಿ ಕಳೆದು ನವರಾತ್ರಿ ಬರುವಷ್ಟರಲ್ಲಿ ಲಾರಿಗಳು ಕಡಿಮೆಯಾದವು. ಹೊರದೇಶದಲ್ಲಿ ಅದಿರು ಕೊಳ್ಳುವವರಿಲ್ಲವಂತೆ, ಬೆಲೆ ನೆಲ ಕಚ್ಚಿದೆಯಂತೆ ಎಂದು ಪೇಪರಿನಲ್ಲಿ ಬಂತು. ದೀಪಾವಳಿಗೆ ಹೆದ್ದಾರಿಯ ಬದಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಚಾಲಕರು ಊರಿಗೆ ಹೋಗಿದ್ದರು. ಮರದ ಎಲೆಗಳು ಒಂದು ಅಡ್ಡಮಳೆಗೆ ತೊಳೆದು ಹಸಿರಾದವು. ಊರವರೆಲ್ಲ ಧೂಳು ಹೋಯಿತೆಂದು ಉಸಿರುಬಿಟ್ಟರು.

ಶಾಂತಾರಾಮ ನಿಧಿಯ ಕಚೇರಿಗೆ ಹೋಗಿ ಬಂದ. ಈ ತಿಂಗಳು ಪಾಲಿಲ್ಲ ಎಂದ. ಮುಂದಿನ ತಿಂಗಳೂ ಅದನ್ನೇ ಹೇಳಿದ. ಮೂರನೆಯ ಸಲ ಅವನು ಹೇಳಲಿಲ್ಲ, ಭಾರತಿಯೂ ಕೇಳಲಿಲ್ಲ. ಇಸ್ವಾಣದ ಬದಲು ಅಗ್ಗದ ತಾರ್ಲಿ ಬಂತು, ತಾರ್ಲಿಯ ಬದಲು ಒಣಮೀನು. ಬಸಳೆಯ ಚಪ್ಪರ ಮಾತ್ರ ಯಾರನ್ನೂ ಕೇಳದೆ ಹಬ್ಬಿತ್ತು, ಹಾಗಾಗಿ ವಾರದಲ್ಲಿ ನಾಲ್ಕು ದಿನ ಬಸಳೆ. ಮನೆಗೆ ಈಗ ನಿಜವಾಗಿ ಬರುತ್ತಿದ್ದದ್ದು ರೂಪಾಲಿಯ ಸಂಬಳ. ಶೋರೂಮಿನಲ್ಲಿ ಬೈಕು ಹೋಗುತ್ತಿರಲಿಲ್ಲ. ಲಾರಿ ನಿಂತರೆ ಚಾಲಕ, ಕ್ಲೀನರ್, ಚಹಾದಂಗಡಿಯವನು ಯಾರೂ ಬೈಕು ಕೊಳ್ಳುವುದಿಲ್ಲ. ಸುಜಯನಿಗೆ ಕಮಿಷನ್ ನಿಂತಿತು. ಅಕ್ಕಿ, ಗ್ಯಾಸು, ಮಾವನ ಮಾತ್ರೆ ಎಲ್ಲಕ್ಕೂ ರೂಪಾಲಿ ಸಂಜೆ ಚೀಲ ಹಿಡಿದು ಬಸ್ಸಿಳಿಯುತ್ತಿದ್ದಳು. ಅವಳು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಉತ್ತರ ಕೊಡಬಹುದಿತ್ತು ಎಂದು ಭಾರತಿಗೆ ಅನಿಸುತ್ತಿತ್ತು.

ಡಿಸೆಂಬರಿನಲ್ಲಿ ಯಾಕೂಬ ಮಗಳ ಮದುವೆಗೆ ಕರೆಯಲು ಬಂದ. ಅವನನ್ನು ಕಂಡು ಶಾಂತಾರಾಮನಿಗೆ ಪಾಪ ಅನಿಸಿತು.

"ಇಂಥ ಹೊತ್ತಲ್ಲಿ ಮದ್ವೆ ಹೆಂಗೆ ಮಾಡ್ತೆ ಮಾರಾಯ? ನಿನ್ನ ದುಡ್ಡೂ ಅಲ್ಲೇ ಸಿಕ್ಕಂಡದಲ್ಲ."

ಯಾಕೂಬ ಚಹಾದ ಲೋಟ ಕೆಳಗಿಟ್ಟ.

"ನಾ ಅಲ್ಲಿ ಹಾಕ್ಲಿಲ್ಲ ಶಾಂತಾರಾಮ. ಬ್ಯಾಂಕಲ್ಲೇ ಇಟ್ಟಿದ್ದೆ, ಠೇವಣಿ."

ಶಾಂತಾರಾಮ ಅವನ ಮುಖ ನೋಡಿದ. "ಬಡ್ಡಿಗೆ?"

"ಬಡ್ಡಿಗೇ. ಹುಡ್ಗಿ ಮದ್ವೆ ಮುಂದಿನ ವರ್ಷ ಅಂತ ಆಗಲೇ ಮಾತಾಗಿತ್ತು. ಲಾರಿ ಓಡ್ತದೋ ನಿಲ್ತದೋ ಅಂತ ಬೀಗರ ಮನೆಯವ್ರು ಕಾಯ್ತಾರಾ? ಬಂದ ಬಡ್ಡಿ ನಾ ಮುಟ್ಲಿಲ್ಲ, ನಿಷಿದ್ಧದ ದುಡ್ಡು ಅಂಥ ಕೆಲ್ಸಕ್ಕೇ ಸೈ ಅಂತ ಯಾರ್ದೋ ಮನೆ ಪಾಯಖಾನೆ ಕಟ್ಟೂಕೆ ಕೊಟ್ಟೆ. ಆದ್ರೂ ಮಸೀದೀಲಿ ನಿಧಿ ನಡ್ಸುವವ್ರ ಮುಖ ನೋಡೂಕೆ ಆಗೂದಿಲ್ಲ ನಂಗೆ. ಈಗ ನಿನ್ನ ಮುಖವೂ ಸೇರ್ತು."

"ಮತ್ತೆ ನಂಗೆ ಯಾಕೆ ಹೇಳ್ದೆ?"

"ಯಾರ್ ಯಾರ್ ಎಂತ ಮಾಡಿದ್ರು ಅಂತ ಹೇಳ್ದೆ. ಹಾಕು ಅಂತ ಹೇಳ್ಲಿಲ್ಲ. ಹಾಕ್ಬೇಡ ಅಂತ್ಲೂ ಹೇಳ್ಲಿಲ್ಲ, ಅದು ತಪ್ಪೇ. ನಮ್ಮ ಧರ್ಮದ ಒಳ್ಳೇ ಕೆಲ್ಸ ಅದು, ನಾನೇ ಹಾಕದೆ ಕೂತು ನೀ ಹಾಕ್ಬೇಡ ಅನ್ನೂದು ಹೆಂಗೆ?"

ಬಾಗಿಲಲ್ಲಿ ನಿಂತಿದ್ದ ಭಾರತಿಗೆ ಯಾಕೂಬನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಧರ್ಮ ಬಿಟ್ಟು ಹಣ ಇಟ್ಟದ್ದೂ ಮನೆಯ ಕಾರಣಕ್ಕೆ, ಅವಳು ಧರ್ಮ ನೋಡದೆ ಹಣ ಇಟ್ಟದ್ದೂ ಮನೆಯ ಕಾರಣಕ್ಕೆ. ಅವಳು ಕರೆಯೋಲೆ ತೆಗೆದುಕೊಂಡು, ಮದುವೆಗೆ ಬರ್ತೇವೆ ಯಾಕೂಬಭಾಯ್ ಎಂದಳು. ಅವನು ವೈನಿ ಎಂದು ಏನೋ ಹೇಳಹೊರಟು, ಚಪ್ಪಲಿ ಮೆಟ್ಟಿಕೊಂಡು ಹೋದ.

ವಿಷಯ ಸುಜಯನ ಕಿವಿಗೆ ಬಿದ್ದದ್ದು ಶೋರೂಮಿನಲ್ಲಿ, ದೇವಿದಾಸನ ಅಳಿಯನ ಬಾಯಿಂದ. ಅವತ್ತು ಮನೆಗೆ ಬಂದವನು ಕೈಕಾಲು ತೊಳೆಯದೆ ಊಟದ ಮನೆಗೆ ಬಂದ. ಶಾಂತಾರಾಮ ಗಂಜಿಯ ಬಟ್ಟಲಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದ.

"ಯಾಕೂಬ ತನ್ನ ದುಡ್ಡು ಭದ್ರ ಇಟ್ಕಂಡ. ನಿಂದು ಮುಳುಗಿಸ್ದ. ಗೊತ್ತಿತ್ತಾ ನಿಂಗೆ?"

"ಮದ್ವೆಗೆ ಕರೂಕೆ ಬಂದಾಗ ಗೊತ್ತಾಯ್ತು."

"ಅಂಥವನ್ನ ಜಗಲಿಗೆ ಕೂರ್ಸಿ ಚಹಾ ಕೊಟ್ಟೆ. ಅವತ್ತೇ ಹೇಳ್ದೆ ನಾನು, ಆ ಜನರನ್ನ ನಂಬ್ಬೇಡ ಅಂತ."

"ನೀನೂ ಹಾಕ್ದೆಯಲ್ಲ ಸುಜಯ. ನಂಬದೆ ಹಾಕ್ದೆಯಾ?"

"ನಿನ್ನ ನೋಡಿ ಹಾಕ್ದೆ. ಅದೇ ನನ್ನ ತಪ್ಪು. ರೂಪಾಲಿ ಖಾಯಂ ಆಗ್ಬೇಕಿತ್ತು, ಗೊತ್ತಾ? ಠೇವಣಿ ತರ್ಲಿಲ್ಲ ಅಂತ ಬೇರೆಯವ್ರಿಗೆ ಆಯ್ತು. ಮನೆಯವ್ರ ಹಣವೇ ತರೂಕೆ ಆಗ್ಲಿಲ್ಲ ಅಂತ ಮ್ಯಾನೇಜರು ಎಲ್ಲರೆದುರು ಅಂದ್ರಂತೆ."

ರೂಪಾಲಿ ಒಲೆಯ ಕಡೆ ತಿರುಗಿ ನಿಂತಿದ್ದಳು. ಈ ಮಾತು ಭಾರತಿಗೆ ಹೊಸದು. ಒಂದು ವರ್ಷ ಆ ಹುಡುಗಿ ಅದನ್ನು ಒಳಗಿಟ್ಟುಕೊಂಡು ಅನ್ನ ಬಡಿಸಿದ್ದಳು. ಸುಜಯ ಇನ್ನೂ ಹೇಳುತ್ತಲೇ ಇದ್ದ. ಅಪ್ಪನಿಗೆ ಬುದ್ಧಿಯಿಲ್ಲ, ಹೊರಗಿನವರ ಮಾತೇ ವೇದವಾಯಿತು, ಮನೆಯವರ ಮಾತು ಕಸವಾಯಿತು. ಶಾಂತಾರಾಮ ತಲೆ ತಗ್ಗಿಸಿ ಗಂಜಿಯನ್ನು ಕಲಸುತ್ತಿದ್ದ. ನಾನೇ ಹಾಕಿದ್ದು ಎನ್ನುತ್ತೇನೆಂದು ಹೆಂಡತಿಗೆ ಕೊಟ್ಟ ಮಾತನ್ನು ಅವನು ಬಿಟ್ಟುಕೊಡುವವನಲ್ಲ. ಇನ್ನು ಹತ್ತು ವರ್ಷ ಹೀಗೇ ಕೇಳಿಸಿಕೊಳ್ಳುತ್ತಾನೆ ಎಂದು ಭಾರತಿಗೆ ಅನಿಸಿತು. ಅವಳಿಗೆ ಬಹಳ ದಣಿವಾಗಿತ್ತು.

"ಸುಜಯ, ಅಲ್ಲಿ ಹಾಕಿ ಅಂತ ಹೇಳಿದ್ದು ನಾನು."

"ನೀನಾ? ನಿಂಗೆಂತ ಗೊತ್ತು ಆಯಿ ನಿಧಿಗಿಧಿ?"

"ಎಂತದೂ ಗೊತ್ತಿಲ್ಲ. ಮೂರು ವರ್ಷ ತೆಗೂಕೆ ಆಗೂದಿಲ್ಲ ಅಂತ ಒಂದು ಗೊತ್ತಿತ್ತು, ಸಾಕಾಯ್ತು. ನೀ ಕೇಳ್ತೆ, ಇವ್ರು ಕೊಡ್ತ್ರು ಅಂತ. ಬಳೆ ಹೋದ ಹಾಂಗೆ ಇದೂ ಹೋಗೂದು ಬೇಡ ಅಂತ. ಆ ಜನರನ್ನ ನಂಬಿ ಅಲ್ಲಿ ಹಾಕ್ಸಿದ್ದಲ್ಲ ನಾನು. ಮನೆಯವ್ರನ್ನ ನಂಬ್ಲಿಲ್ಲ, ಅದಕ್ಕೆ ಹಾಕ್ಸಿದ್ದು."

ಸುಜಯ ಅಪ್ಪನನ್ನು ನೋಡಿದ. ಅಪ್ಪ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಸುಜಯ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಊಟ ಮಾಡದೆ ಹೊರಗೆ ಜಗಲಿಯಲ್ಲಿ ಕೂತ. ಆಮೇಲೆ ಭಾರತಿ ಗಂಜಿ ತೆಗೆದುಕೊಂಡು ಹೋಗಿ ಅವನ ಪಕ್ಕ ಇಟ್ಟಳು. ಹಣದ ಮಾತು ಎತ್ತದೆ, ಬಳೆ ಬಗ್ಗೆ ನಾ ಮರ್ತಿರ್ಲಿಲ್ಲ ಆಯಿ ಎಂದಷ್ಟೇ ಹೇಳಿದ. ಉಣ್ಣು ಎಂದಳು ಅವಳು. ಅವನು ಉಂಡ.

ಮರುದಿನ ಭಾನುವಾರ. ರೂಪಾಲಿಯೂ ಭಾರತಿಯೂ ಹಿತ್ತಲಲ್ಲಿ ಕೂತು ತಾರ್ಲಿ ಸವರುತ್ತಿದ್ದರು. ಕಾಗೆಗಳು ಬೇಲಿಯ ಮೇಲೆ ಕಾದು ಕೂತಿದ್ದವು. ರೂಪಾಲಿ ಕೈಯಲ್ಲಿದ್ದ ಮೀನನ್ನು ನೋಡುತ್ತಲೇ ಹೇಳಿದಳು.

"ನಮ್ಮ ಸಂಘದಲ್ಲೇ ನಿಮ್ಮೊಬ್ಬರ ಹೆಸ್ರಲ್ಲಿ ಇಟ್ಟಿದ್ರೆ ಆಗ್ತಿತ್ತು ಅತ್ತೆ. ನಾ ಅದಕ್ಕೆ ಕೈ ಹಾಕ್ತಿರ್ಲಿಲ್ಲ."

"ನೀ ಹಾಕ್ತಿರ್ಲಿಲ್ಲ, ನಂಗೊತ್ತು. ಆದ್ರೆ ಅವ ಕೇಳಿದ್ರೆ? ಆಯಿ ಹತ್ರ ಎಷ್ಟು ಅದೆ ಅಂತ ಕೇಳಿದ್ರೆ ಹೇಳ್ತಿದ್ಯೋ ಇಲ್ವೋ?"

ರೂಪಾಲಿ ಆ ಮೀನು ಮುಗಿಸಿದಳು. ಇನ್ನೊಂದು ತೆಗೆದುಕೊಂಡಳು. ಅದರ ತಲೆ ಕೊಯ್ದು ಬೇಲಿಯ ಕಡೆ ಎಸೆದಳು.

"ಹೇಳ್ತಿದ್ದೆ," ಎಂದಳು.

ಭಾರತಿ ಹೂಂ ಎಂದಳು. ಆ ಒಂದು ಮಾತಿಗೆ ಅವಳ ಮನಸ್ಸು ಎಷ್ಟೋ ಹಗುರಾಯಿತು. ಸುಳ್ಳು ಹೇಳಿದ್ದರೆ ಸೊಸೆ ಇನ್ನೂ ದೂರ ಹೋಗುತ್ತಿದ್ದಳು. ನಿನ್ನ ಕೆಲಸದ ವಿಷಯ ನಂಗೆ ಗೊತ್ತಿರಲಿಲ್ಲ ಎಂದು ಅವಳು ಹೇಳಿದಾಗ, ರೂಪಾಲಿ ಮುಂದಿನ ವರ್ಷ ನೋಡುವ ಎಂದಳು. ಸಂಜೆ ಚಹಾ ಕುಡಿಯುವಾಗ ಲೋಟ ಹಿಡಿದು ಅಡುಗೆಮನೆಯಲ್ಲೇ ನಿಂತು, ಸಂಘಕ್ಕೆ ಬಂದು ಜಗಳಾಡಿದ ಮುದುಕನೊಬ್ಬನ ಸುದ್ದಿ ಹೇಳಿದಳು. ಎಲ್ಲ ಸರಿಹೋಯಿತೆಂದಲ್ಲ. ಸುಜಯ ಆಮೇಲೆ ಎಷ್ಟೋ ವಾರ ತಾಯಿಯ ಹತ್ತಿರ ಬಸ್ಸಿನ ಚಿಲ್ಲರೆಯನ್ನೂ ಕೇಳಲಿಲ್ಲ. ಮೊದಲೆಲ್ಲ ಅವನು ಕೇಳಿದಾಗ ಗೊಣಗುತ್ತಿದ್ದವಳಿಗೆ ಅದು ಈಗ ನೋಯುತ್ತಿತ್ತು.

ಮದುವೆಗೆ ಭಾರತಿಯೂ ಶಾಂತಾರಾಮನೂ ಹೋದರು. ಅವನು ಬರುವುದಿಲ್ಲವೆಂದೇ ಹಟ ಹಿಡಿದಿದ್ದ. ಅವಳು ಅವನ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟು, ನಾನೊಬ್ಳೇ ಹೋಗಿ ಬರ್ತೆ ಎಂದಾಗ ಹೊರಟ. ಯಾಕೂಬ ಅವರನ್ನು ಬಾಗಿಲಲ್ಲೇ ಕಂಡು ಶಾಂತಾರಾಮನ ಕೈ ಹಿಡಿದುಕೊಂಡ. ಇಬ್ಬರೂ ಕಾರ್ಖಾನೆಯ ಹಳೆಯ ಮೇಸ್ತ್ರಿಯ ಬಗ್ಗೆ ಮಾತಾಡಿದರು, ಮೊಣಕಾಲಿನ ಬಗ್ಗೆ ಮಾತಾಡಿದರು. ನಿಧಿಯ ಹೆಸರು ಎತ್ತಲಿಲ್ಲ.

ಜನವರಿಯಲ್ಲಿ ನಿಧಿಯವರು ಎಲ್ಲರನ್ನೂ ಕರೆದರು. ಆ ಬಿಳಿ ಗಡ್ಡದ ವ್ಯಾಪಾರಿಯೇ ನಿಂತು, ಅರ್ಧದಷ್ಟು ಲಾರಿ ಮಾರುತ್ತೇವೆ, ಉಳಿದವನ್ನು ಜಲ್ಲಿಕಲ್ಲಿನ ಕೆಲಸಕ್ಕೆ ಓಡಿಸುತ್ತೇವೆ, ಮೂರು ವರ್ಷ ಕಾಯದೆ ಬಿಡುವವರಿಗೆ ಮಾರಿದಷ್ಟರಲ್ಲಿ ಪಾಲು ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ ಎಂದರಂತೆ. ಎಲ್ಲರದ್ದೂ ಮೂರರಲ್ಲೊಂದು ಪಾಲು ಹೋಗಿತ್ತು, ಆ ವ್ಯಾಪಾರಿಯದ್ದೂ ಹೋಗಿತ್ತು. ಕೆಲವರು ಕೂಗಾಡಿದರು. ಜಟ್ಟಪ್ಪ ಅತ್ತನಂತೆ. ಸುಜಯ ಅಪ್ಪನ ಜೊತೆ ಹೋಗಿದ್ದ, ಅವನು ಕೂಗಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟನಂತೆ. ಅದನ್ನು ಶಾಂತಾರಾಮ ಮನೆಗೆ ಬಂದು ಹೇಳಿದ, ನಷ್ಟದ ಮಾತಿಗಿಂತ ಮೊದಲು ಹೇಳಿದ.

ಹಣ ಕೈಗೆ ಬರುವಾಗ ಬೇಸಿಗೆ. ಶಾಂತಾರಾಮ ಸ್ವಲ್ಪ ಭಾಗವನ್ನು ಅಲ್ಲೇ ಬಿಟ್ಟಿದ್ದ. ಲಾಭ ಉಂಡವರು ನಷ್ಟಕ್ಕೆ ಓಡಿಹೋಗಬಾರದು ಎಂಬುದು ಅವನ ಲೆಕ್ಕ. ಭಾರತಿ ಬೇಡವೆನ್ನಲಿಲ್ಲ. ಉಳಿದದ್ದನ್ನು ಅವಳ ಹೆಸರಿನಲ್ಲಿ ಇಡುವುದೆಂದು ಅವನೇ ಹೇಳಿದ, ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದ. ಸುಜಯ ಮುಖ ಎತ್ತದೆ ಹೌದು, ಹಾಂಗೇ ಮಾಡು ಎಂದ. ಎಲ್ಲಿ ಇಡುವುದೆಂಬ ಮಾತು ಬಂದಾಗ ಭಾರತಿ ಸೊಸೆಯ ಕಡೆ ನೋಡಿದಳು. ಈಗ ರೂಪಾಲಿ ಕೇಳಿದ್ದರೆ ಅವಳು ಸಂಘಕ್ಕೇ ಕೊಟ್ಟುಬಿಡುತ್ತಿದ್ದಳು.

"ಪೋಸ್ಟಾಫೀಸಲ್ಲಿ ಇಡಿ ಅತ್ತೆ," ಎಂದಳು ರೂಪಾಲಿ. "ಕಾರವಾರದ್ದು ಬೇಡ. ಅಲ್ಲಿ ಕೌಂಟರಿನವ್ರೆಲ್ಲ ನಂಗೆ ಗುರ್ತು. ಅಂಕೋಲೆಗೆ ಹೋಗುವ."

ಅವಳು ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಹೋದಳು. ಅಂಕೋಲಾ ಪೇಟೆಯಲ್ಲಿ ಹೆಜ್ಜೆಗೊಂದು ಮಾವಿನಹಣ್ಣಿನ ಬುಟ್ಟಿ ಇತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಅಂಚೆ ಕಚೇರಿಯ ಮೆಟ್ಟಿಲ ಹತ್ತಿರ ಬಂದಾಗ ರೂಪಾಲಿ ನಿಂತಳು. ನೀವು 'ಭಾರತಿ ಶಾಂತಾರಾಮ' ಅಂತ ಸಹಿ ಹಾಕಿ, ಬೇರೆ ಎಲ್ಲ ಅವರೇ ಬರೆಯುತ್ತಾರೆ, ಗೊತ್ತಾಗದಿದ್ದರೆ ನಿಧಾನ ಕೇಳಿ ಎಂದಳು. ನೀ ಬರೂದಿಲ್ವಾ ಎಂದರೆ, ಇಲ್ಲೇ ನಿಂತಿರ್ತೇನೆ ಎಂದಳು.

ಭಾರತಿ ಒಬ್ಬಳೇ ಒಳಗೆ ಹೋದಳು. ಅವಳು ಯಾವ ಕಚೇರಿಯೊಳಗೂ ಒಬ್ಬಳೇ ಹೋದವಳಲ್ಲ. ಸಾಲಿನಲ್ಲಿ ನಿಂತು, ಎರಡು ಕಡೆ ತಪ್ಪು ಜಾಗದಲ್ಲಿ ಸಹಿ ಹಾಕಿ, ಬೈಸಿಕೊಂಡು, ಕೆಲಸ ಮುಗಿಸಲು ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಸೊಸೆ ಎದುರಿನ ಸೋಡಾದಂಗಡಿಯ ತಟ್ಟಿಯ ನೆರಳಿನಲ್ಲಿ, ಕೊಡೆ ಮಡಚಿ ಹಿಡಿದು, ಅಂಚೆ ಕಚೇರಿಗೆ ಬೆನ್ನು ಹಾಕಿ ನಿಂತಿದ್ದಳು. ಕುತ್ತಿಗೆಯೆಲ್ಲ ಬೆವತಿತ್ತು. ಆಯ್ತಾ ಎಂದು ಕೂಡ ಕೇಳಲಿಲ್ಲ. ಶಿರವಾಡದ ಬಸ್ಸು ಈಗಷ್ಟೇ ಹೋಯಿತು, ಇನ್ನೊಂದಕ್ಕೆ ಸ್ವಲ್ಪ ಕಾಯಬೇಕು ಎಂದಳು.

ಇಬ್ಬರೂ ನೆರಳಿನಲ್ಲಿ ನಿಂತರು. ಅಷ್ಟು ಬಿಸಿಲಿನಲ್ಲಿ ತನಗಾಗಿ ನಿಂತ ಹುಡುಗಿಯಿಂದ ಮುಚ್ಚಿಡುವುದು ಭಾರತಿಗೆ ಸರಿಯೆನಿಸಲಿಲ್ಲ. ಅವಳು ಚೀಲ ಬಿಚ್ಚಿ ಪಾಸ್‌ಬುಕ್ಕು ಹೊರಗೆ ತೆಗೆದಳು.

"ರೂಪಾಲಿ, ಇಲ್ನೋಡು, ಎಷ್ಟು ಅದೆ ಅಂದ್ರೆ..."

ರೂಪಾಲಿ ಪಾಸ್‌ಬುಕ್ಕನ್ನು ಮೆಲ್ಲಗೆ ಚೀಲದೊಳಕ್ಕೆ ತಳ್ಳಿ, ಚೀಲದ ಬಾಯಿ ಕಟ್ಟಿದಳು.

"ನಂಗೆ ಹೇಳ್ಬೇಡಿ ಅತ್ತೆ. ನಿಮ್ಮ ಮಗ ಕೇಳಿದ್ರೆ, ಗೊತ್ತಿಲ್ಲ ಅಂತ ಹೇಳೂಕೆ ಆಗ್ಬೇಕು."